ಆರು ಸುತ್ತಿನ ಕರಾರು

ಹಾರ್ಲನ್ ಬೆಂಡ್, ನೆಬ್ರಾಸ್ಕ
ಮಾರ್ಚ್ 9, 1954

ಮಾನ್ಯ ಮಿಸ್ ಐಲಿ ಕಂಗಾಸ್ ಅವರಿಗೆ,

ನನ್ನ ಹೆಸರು ಕ್ಲೀಟಸ್ ಮರ್ಡಾಕ್. ಹಾರ್ಲನ್ ಬೆಂಡ್ ಊರಿನ 'ಕ್ರೇನ್ಸ್' ಬೇಸ್‌ಬಾಲ್ ತಂಡಕ್ಕೆ ಏಳು ವರ್ಷದಿಂದ ಮ್ಯಾನೇಜರ್. ಅದಕ್ಕೂ ಮುಂಚೆ ಇಪ್ಪತ್ತು ವರ್ಷ ಬ್ಯಾಟು ಹಿಡಿದವನು. ಅದಕ್ಕೂ ಮುಂಚೆ ನನ್ನಪ್ಪನ ಡೇರೆ ನಾಟಕದ ಕಂಪನಿಯಲ್ಲಿ ಸುಳ್ಳುಗಡ್ಡ ಅಂಟಿಸಿಕೊಂಡು ರಾಜನಾದವನು. ಹಾಗಾಗಿ ನನ್ನ ಕಾಗದದ ದನಿ ತುಸು ಎತ್ತರದಲ್ಲಿದ್ದರೆ ಮನ್ನಿಸಬೇಕು. ಕೊನೆಯ ಸಾಲಿನಲ್ಲಿ ಕೂತವನಿಗೂ ಕೇಳಿಸಬೇಕೆಂಬುದು ನನಗೆ ಹಾಲಿನ ಜೊತೆ ಕುಡಿಸಿದ ಪಾಠ.

ಕಳೆದ ಶನಿವಾರ ನಿಮ್ಮ ಸೊಯಿನಿ ಊರಿಗೆ ಬಂದಿದ್ದೆ. ನೀವು ಗಣಿ ಆಸ್ಪತ್ರೆಯಲ್ಲಿ ಪಾಳಿಯ ಮೇಲಿದ್ದಿರಿ. ಹೊರಗೆ ಸೊಂಟದೆತ್ತರ ಹಿಮ. ನಿಮ್ಮ ಫಿನ್ನಿಷ್ ಸಭಾಭವನದೊಳಗೆ ಅಜ್ಜಿಯಂದಿರು ಕಾಫಿ ಮೇಜುಗಳನ್ನು ಗೋಡೆಗೆ ಸರಿಸಿ ಜಾಗ ಮಾಡಿಕೊಟ್ಟರು. ಈ ತುದಿಯಲ್ಲಿ ನಿಮ್ಮ ತಮ್ಮ ರೇಯ್ನೋ ನಿಂತ; ಆ ತುದಿಯಲ್ಲಿ ನಾನು ಕೈಗವಸು ತೊಟ್ಟು ಕುಕ್ಕರಗಾಲಲ್ಲಿ ಕೂತೆ. ಮೊದಲ ಎಸೆತ ಬಂತು. ಅದನ್ನು ನಾನು ನೋಡಲಿಲ್ಲ, ಮಿಸ್ ಕಂಗಾಸ್, ಕೇಳಿದೆ ಅಷ್ಟೇ. ನನ್ನ ಅಂಗೈಯಲ್ಲಿ ಬಾಗಿಲು ಬಡಿದ ಸದ್ದಾಯಿತು. ಆಮೇಲೆ ತಿರುವಿನ ಎಸೆತ. ಅದು ನನ್ನ ಕಿವಿಯ ಕಡೆಗೆ ಹೊರಟು, ದಾರಿಯಲ್ಲಿ ಮನಸ್ಸು ಬದಲಿಸಿ, ಮಂಡಿಯ ಹತ್ತಿರ ಬಂದು ನಮಸ್ಕಾರ ಮಾಡಿತು.

"ಇನ್ನೊಂದು ಹಾಕಪ್ಪ," ಎಂದೆ.

"ಹಾಕ್ತೀನಿ. ಕಿಟಕಿ ಗಾಜು ಒಡೆದ್ರೆ ಮಾತ್ರ ನೀವೇ ಹೇಳ್ಬೇಕು. ಆ ಹಸಿರು ಸ್ವೆಟರ್ ಅಜ್ಜಿಗೆ ನಾನು ಹೆದರ್ತೀನಿ."

ಕರಾರಿನ ಕಾಗದ ತೆಗೆದೆ. ಅವನು ಮುಟ್ಟಲಿಲ್ಲ. "ಅಕ್ಕನ್ನ ಕೇಳ್ಬೇಕು," ಎಂದ.

"ನಿಂಗೆ ಇಪ್ಪತ್ಮೂರು ವರ್ಷ ಕಣೋ."

"ಅಕ್ಕಂಗೆ ಮೂವತ್ನಾಲ್ಕು."

ಆದ್ದರಿಂದ ಈ ಕಾಗದ ನಿಮಗೆ. ಅವನ ಕೈ ಎರಡು ಸಲ ಕೆಟ್ಟದ್ದು ನನಗೆ ಗೊತ್ತು, ದೊಡ್ಡ ತಂಡ ಅವನನ್ನು ಕೈಬಿಟ್ಟದ್ದೂ ಗೊತ್ತು. ನಾನು ಕೈಬಿಡುವವನಲ್ಲ. ಉತ್ತರ ಬೇಗ ಬರಲಿ. ನಾನು ಅಂಚೆಯವನ ದಾರಿಯಲ್ಲಿ ಶತಪಥ ಹಾಕಿಕೊಂಡಿದ್ದೇನೆ.

ನಿಮ್ಮ ವಿಧೇಯ,
ಕ್ಲೀಟಸ್ ಮರ್ಡಾಕ್


ಸೊಯಿನಿ, ಮಿನೆಸೋಟ
ಮಾರ್ಚ್ 20, 1954

ಶ್ರೀ ಮರ್ಡಾಕ್ ಅವರಿಗೆ,

ನಿಮ್ಮ ದನಿ ಕೇಳಿಸಿತು. ಇಲ್ಲಿ ಕೊನೆಯ ಸಾಲು ಇಲ್ಲ, ನಾನೊಬ್ಬಳೇ.

ಹತ್ತೊಂಬತ್ತನೇ ವಯಸ್ಸಿನಲ್ಲಿ ರೇಯ್ನೋನನ್ನು ಏಪ್ರಿಲ್ ಚಳಿಯಲ್ಲಿ ಒಂದೇ ಆಟದಲ್ಲಿ ಹನ್ನೊಂದು ಸುತ್ತು ಎಸೆಯಲು ನಿಲ್ಲಿಸಿದರು. ಮೊಣಕೈಯ ಮೂಳೆಯಿಂದ ಚೂರು ಎದ್ದಿತು. ಇಪ್ಪತ್ತೊಂದರಲ್ಲಿ ಭುಜ. ಹೋದ ವರ್ಷ ಬಸ್ಸಿನಿಂದ ಇಳಿಯುವಾಗ ಪಾದ ಮುರಿದುಕೊಂಡ. ಅದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವನು ಚಿಕ್ಕಂದಿನಿಂದಲೂ ನೆಲ ನೋಡಿ ನಡೆಯುವವನಲ್ಲ. ಎರಡು ಸಲವೂ ಆ ಕೈಯನ್ನು ಬಿಸಿನೀರು, ನಮ್ಮ ಸೌನಾ ಸ್ನಾನದ ಕೋಣೆಯ ಹಬೆ, ಎಣ್ಣೆ ಎಂದು ದಿನಕ್ಕೆ ಮೂರು ಹೊತ್ತು ತಿಕ್ಕಿ ಸರಿಮಾಡಿದವಳು ನಾನು. ಮೊಣಕೈ ಇನ್ನೊಂದು ಸಲ ಹೋದರೆ ಅದು ಮತ್ತೆ ನೇರವಾಗುವುದಿಲ್ಲ ಎಂದು ವೈದ್ಯರು ಹೇಳಿದ್ದಾರೆ. ಈ ಊರಿನಲ್ಲಿ ಇರುವುದು ಗಣಿ ಒಂದೇ. ಒಂದು ಕೈಯವನನ್ನು ಗಣಿಯೊಳಗೆ ಇಳಿಸುವುದಿಲ್ಲ.

ಅವನು ಆಡಬೇಕು ಎನ್ನುತ್ತಾನೆ. ಒಪ್ಪುತ್ತೇನೆ, ಮೂರು ಷರತ್ತಿನ ಮೇಲೆ. ಆಟಕ್ಕೆ ಆರು ಸುತ್ತು, ಅದರ ಮೇಲೆ ಒಂದು ಎಸೆತವೂ ಇಲ್ಲ. ಎರಡು ಆಟದ ನಡುವೆ ನಾಲ್ಕು ದಿನ ಬಿಡುವು. ಮೂರನೆಯದು ಎಲ್ಲಕ್ಕಿಂತ ದೊಡ್ಡದು. ರೇಯ್ನೋ ನೋವನ್ನು ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಕೇಳಿದರೆ ಸುಳ್ಳು ಹೇಳುವುದಿಲ್ಲ. ಹುಟ್ಟಿದಾಗಿನಿಂದ ಒಂದು ಸಲವೂ ಹೇಳಿಲ್ಲ. ಆದ್ದರಿಂದ ಪ್ರತಿ ಸುತ್ತು ಮುಗಿದಾಗ ನೀವು ಅವನ ಪಕ್ಕ ಕೂತು ಕೇಳಬೇಕು: ಬೆರಳು ಹೇಗಿವೆ, ಎಂದು. ಅವನು ಟೋಪಿಯನ್ನು ಎಡಗೈಯಿಂದ ಸರಿಪಡಿಸಿಕೊಂಡರೆ ಕೇಳುವುದೂ ಬೇಡ, ಇಳಿಸಿಬಿಡಿ. ಬಲಗೈ ಬೆರಳು ಮರಗಟ್ಟಿದಾಗ ಮಾತ್ರ ಅವನು ಹಾಗೆ ಮಾಡುತ್ತಾನೆ.

ಒಪ್ಪಿಗೆಯಾದರೆ ಬರೆದು ಕೊಡಿ.

ಐಲಿ ಕಂಗಾಸ್


ಹಾರ್ಲನ್ ಬೆಂಡ್
ಮಾರ್ಚ್ 29, 1954

ಮಾನ್ಯ ಮಿಸ್ ಕಂಗಾಸ್,

ಇದೋ ಬರೆದುಕೊಟ್ಟೆ. ಆರು ಸುತ್ತು, ನಾಲ್ಕು ದಿನ, ಪ್ರತಿ ಸುತ್ತಿಗೂ ಒಂದು ಪ್ರಶ್ನೆ. ಟೋಪಿಯ ಸನ್ನೆ ನನ್ನ ಎದೆಯಲ್ಲಿ ಕೆತ್ತಿದೆ. ಈ ಮಾತಿಗೆ ತಪ್ಪಿದರೆ ನನ್ನ ಮೇಲೆ ಡೇರೆಯ ನಡುಗಂಬ ಬೀಳಲಿ.

ನಿಮ್ಮ ತಮ್ಮ ನಿನ್ನೆ ಬಂದಿಳಿದ. ನಮ್ಮ ಮಾಲೀಕ ಮೆಲ್ವಿನ್ ಗ್ರೂಬರ್, ಊರಿನ ಮಂಜುಗಡ್ಡೆ ಕಾರ್ಖಾನೆಯವನು, ಅವನನ್ನು ಕುದುರೆ ನೋಡುವ ಹಾಗೆ ಸುತ್ತು ಹಾಕಿ ನೋಡಿದ.

"ಕ್ಲೀಟ್, ಎಸೆತಗಾರನ್ನ ತಾ ಅಂತ ಕಳಿಸಿದ್ರೆ ಗಾಜಿನ ಹೂಜಿ ತಂದಿದ್ದೀಯಲ್ಲ."

"ಹೂಜಿನೇ ಮೆಲ್ವಿನ್. ಒಳಗಿರೋದನ್ನ ನೋಡು."

"ಸೋರಿ ಹೋಗೋದನ್ನ ನೋಡ್ತೀನಿ ಬಿಡು."

ರೇಯ್ನೋ ತನ್ನ ಪೆಟ್ಟಿಗೆ ಕೆಳಗಿಟ್ಟು, "ಸರ್, ಹೂಜಿಗೆ ಊಟ ಎಲ್ಲಿ ಹಾಕ್ತಾರೆ?" ಎಂದ. ಗ್ರೂಬರ್ ನಕ್ಕುಬಿಟ್ಟ. ಅಲ್ಲೇ ರುಜು ಬಿತ್ತು. ನಿಮ್ಮ ಷರತ್ತುಗಳಿಗೆಲ್ಲ ಗ್ರೂಬರ್ ತಲೆಯಾಡಿಸಿದ್ದಾನೆ, ಚಿಂತೆ ಬೇಡ.

ನಿಮಗೆ ಆಟದ ಪರಿಚಯ ಇರಲಿಕ್ಕಿಲ್ಲ. ಆಸ್ಪತ್ರೆಯ ಹೆಂಗಸರಿಗೆ ಅದಕ್ಕೆಲ್ಲ ಬಿಡುವೆಲ್ಲಿ. ಚುಟುಕಾಗಿ ಹೇಳುತ್ತೇನೆ. ಆಟಕ್ಕೆ ಒಂಬತ್ತು ಸುತ್ತು, ಸಮವಾಗಿ ನಿಂತರೆ ಇನ್ನೂ ಮುಂದಕ್ಕೆ. ಪ್ರತಿ ಸುತ್ತಿನಲ್ಲಿ ಎದುರಾಳಿಗಳ ಮೂವರನ್ನು ಔಟ್ ಮಾಡಬೇಕು. ನಡುವಿನ ದಿಬ್ಬದ ಮೇಲೆ ನಿಂತು ಎಸೆಯುವವನೇ ನಾಯಕ, ಉಳಿದ ಎಂಟು ಜನ ಹಿಮ್ಮೇಳ. ನಿಮ್ಮ ತಮ್ಮ ಆರು ಸುತ್ತು ಮುಗಿಸಿ ಇಳಿದ ಮೇಲೆ ಇನ್ನೊಬ್ಬ ಹತ್ತಿ ಉಳಿದ ಮೂರನ್ನು ನೋಡಿಕೊಳ್ಳುತ್ತಾನೆ. ಇಷ್ಟು ತಿಳಿದರೆ ಪತ್ರಿಕೆಯಲ್ಲಿ ಬರುವ ವರದಿ ನಿಮಗೆ ಅರ್ಥವಾದೀತು.

ನಿಮ್ಮ,
ಕ್ಲೀಟಸ್ ಮರ್ಡಾಕ್


ಬಸ್ಸಿನಿಂದ, ಎಲ್ಲೋ ಜೋಳದ ಹೊಲಗಳ ನಡುವೆ
ಮೇ 24, 1954

ಪ್ರಿಯ ಮಿಸ್ ಕಂಗಾಸ್,

ಅಕ್ಷರ ಕುಣಿಯುತ್ತಿದ್ದರೆ ಅದು ರಸ್ತೆಯ ತಪ್ಪು. ಎಂಟು ತಿಂಗಳು ನಿಂತಲ್ಲಿ ನಿಲ್ಲದ ಬಾಳು ನಮ್ಮದು. ಒಂದೂರಿನ ಮಂಚ ಬೆಚ್ಚಗಾಗುವುದರೊಳಗೆ ಮುಂದಿನೂರು.

ರೇಯ್ನೋ ಏಳು ಆಟ ಎಸೆದಿದ್ದಾನೆ. ಪ್ರತಿಯೊಂದರಲ್ಲೂ ಆರೇ ಸುತ್ತು. ಐದು ಗೆದ್ದೆವು. ಎದುರಾಳಿಗಳು ಬ್ಯಾಟು ಹಿಡಿದು ಬರುವಾಗ ವೀರರು, ಹೋಗುವಾಗ ಗೊಂಬೆ ಕಳೆದುಕೊಂಡ ಮಕ್ಕಳು. ನಾನು ಪ್ರತಿ ಸುತ್ತಿಗೂ ಅವನ ಪಕ್ಕ ಕೂತು ಕೇಳುತ್ತೇನೆ.

"ಬೆರಳು ಹೇಗಿವೆ?"

"ಐದೂ ಇವೆ, ಸ್ಕಿಪ್."

ಮ್ಯಾನೇಜರನ್ನು ಹುಡುಗರು ಕರೆಯುವುದೇ 'ಸ್ಕಿಪ್' ಎಂದು. ದಿನಾ ಇದೇ ಸಂಭಾಷಣೆ. ಈಗ ಬೆಂಚಿನ ಮೇಲಿರುವವರೆಲ್ಲ ನಮ್ಮ ಜೊತೆ ಒಕ್ಕೊರಲಿನಲ್ಲಿ ಹೇಳುತ್ತಾರೆ.

ಬೇರೆ ಅಂಗಗಳ ಸುದ್ದಿ ಕೇಳಬೇಡಿ. ಮೈದಾನದ ಮಣ್ಣು ಹರಡುವ ಕೈಕುಂಟೆ ತುಳಿದು ಅದರ ಹಿಡಿಯಿಂದ ಹಣೆಗೆ ಹೊಡೆಸಿಕೊಂಡ. ಜೇನು ಕಚ್ಚಿಸಿಕೊಂಡ. ಬೆಂಚು ಎತ್ತಿಡಲು ಹೋಗಿ ಹೆಬ್ಬೆರಳಿನ ಮೇಲೆ ಕೆಡವಿಕೊಂಡ, ಕಾಲಿನದು, ಗಾಬರಿಯಾಗಬೇಡಿ. ಕೈ ಮಾತ್ರ ಬಂಗಾರ.

ಅದಕ್ಕೇ ಒಂದು ಮಾತು. ಏಳನೆಯ ಸುತ್ತು. ಒಂದೇ ಒಂದು. ಆಟ ಗೊತ್ತಿಲ್ಲದವರಿಗೆ ಆರಕ್ಕೂ ಏಳಕ್ಕೂ ಒಂದು ಸಂಖ್ಯೆಯ ವ್ಯತ್ಯಾಸ. ಗೊತ್ತಿರುವವರಿಗೆ ಅದು ಮೂರನೇ ಅಂಕಕ್ಕೆ ಮುಂಚೆಯೇ ನಾಯಕನನ್ನು ಮನೆಗೆ ಕಳಿಸಿದ ಹಾಗೆ.

ನಿಮ್ಮ,
ಕ್ಲೀಟಸ್


ಸೊಯಿನಿ
ಜೂನ್ 1, 1954

ಶ್ರೀ ಮರ್ಡಾಕ್ ಅವರಿಗೆ,

ಇಲ್ಲ.

ಆಟದ ವಿವರಣೆಗೆ ಧನ್ಯವಾದ. ಈಗ ಎಲ್ಲ ಅರ್ಥವಾಗುತ್ತದೆ.

ಏಳನೇ ಸುತ್ತನ್ನು ಕೇಳಿದ್ದು ಅವನೋ, ನೀವೋ, ಗ್ರೂಬರ್ ಅವರೋ? ರೇಯ್ನೋ ವಾರಕ್ಕೊಂದು ಕಾರ್ಡು ಬರೆಯುತ್ತಾನೆ. ಅದರಲ್ಲಿ ಊಟದ ಸುದ್ದಿ ಇರುತ್ತದೆ, ಹವೆಯ ಸುದ್ದಿ ಇರುತ್ತದೆ. ಹೋದ ವಾರದ ಕಾರ್ಡಿನಲ್ಲಿ ಎರಡೂ ಇರಲಿಲ್ಲ. "ಚೆನ್ನಾಗಿದ್ದೇನೆ" ಎಂದು ಮಾತ್ರ ಇತ್ತು. ನನಗೆ ಎರಡು ದಿನ ಕೆಲಸದಲ್ಲಿ ಮನಸ್ಸಿಡಲಾಗಲಿಲ್ಲ.

ಐಲಿ ಕಂಗಾಸ್


ಹಾರ್ಲನ್ ಬೆಂಡ್
ಜೂನ್ 30, 1954

ಪ್ರಿಯ ಮಿಸ್ ಕಂಗಾಸ್,

ನಿಮ್ಮ 'ಇಲ್ಲ' ನನ್ನ ಅಂಗಿಯ ಜೇಬಿನಲ್ಲಿದೆ. ಏಳನೇ ಸುತ್ತಿಲ್ಲ. ಆದರೆ ನನ್ನ ಪಾಡು ಕೇಳಿ. ರೇಯ್ನೋ ಆರು ಮುಗಿಸಿ ಇಳಿದ ತಕ್ಷಣ ಅರ್ಧ ಜನ ಎದ್ದು ಮನೆಗೆ ಹೋಗುತ್ತಾರೆ. ನಿನ್ನೆ ಗ್ರೂಬರ್ ನನ್ನ ಕಾಲರ್ ಹಿಡಿದ.

"ಆರಕ್ಕೇ ಯಾಕಯ್ಯಾ ಇಳಿಸ್ತೀಯಾ? ಜನ ಬರೋದೇ ಅವನ್ನ ನೋಡೋಕೆ. ಇಳಿಸಿದ್ಮೇಲೆ ಒಬ್ಬ ಒಂದು ಬಾಟ್ಲಿ ಸೋಡಾ ಕೊಳ್ಳಲ್ಲ."

"ಕರಾರು ಮೆಲ್ವಿನ್."

"ಯಾವ ಕರಾರು? ನಾನು ರುಜು ಹಾಕಿದ್ರಲ್ಲಿ ಸುತ್ತಿನ ಮಾತೇ ಇರ್ಲಿಲ್ಲ."

ಹೌದು, ಇರಲಿಲ್ಲ. ಅವನು ತಲೆಯಾಡಿಸಿದ ಎಂದು ನಿಮಗೆ ಬರೆದಿದ್ದೆ. ಅವನ ತಲೆ ಯಾವಾಗಲೂ ಆಡುತ್ತಲೇ ಇರುತ್ತದೆ. ಸರಿಯಾದ ಗಳಿಗೆ ನೋಡಿ ಹೇಳೋಣವೆಂದು ಕಾದೆ, ಅದು ಬರಲಿಲ್ಲ. ಈ ಜಗಳವನ್ನು ನಾನು ಹೊರುತ್ತೇನೆ, ಅದು ನಿಮ್ಮ ತಮ್ಮನ ಮೊಣಕೈವರೆಗೆ ಬರುವುದಿಲ್ಲ.

ಹುಡುಗ ಮಾತ್ರ ಮಂಕಾಗಿದ್ದಾನೆ. ಮೊನ್ನೆ ಶೂ ಬಿಚ್ಚುತ್ತಾ, "ಸ್ಕಿಪ್, ನಾಲ್ಕು ವರ್ಷದಿಂದ ಒಂದು ಆಟನೂ ಪೂರ್ತಿ ಮುಗಿಸಿಲ್ಲ ನಾನು," ಎಂದ. ದೂರಿನ ದನಿಯಲ್ಲಲ್ಲ, ಹವೆಯ ಸುದ್ದಿ ಹೇಳಿದ ಹಾಗೆ.

ಜುಲೈ 18, ಭಾನುವಾರ ಮಧ್ಯಾಹ್ನ ಆಲ್ಡನ್ ತಂಡದ ಜೊತೆ ಇಲ್ಲೇ ಆಟ. ಬನ್ನಿ. ಒಂದು ಸಲ ಕಣ್ಣಾರೆ ನೋಡಿ. ನನ್ನ ಹೆಂಡತಿ ಡಾರ್ಲೀನ್ ಕೋಳಿ ಕರಿದು ಹಾಕುತ್ತಾಳೆ.

ನಿಮ್ಮ,
ಕ್ಲೀಟಸ್


ಸೊಯಿನಿ
ಜುಲೈ 8, 1954

ಶ್ರೀ ಮರ್ಡಾಕ್ ಅವರಿಗೆ,

ಜುಲೈನಲ್ಲಿ ರಜೆ ಸಿಗುವುದಿಲ್ಲ. ನಿಮ್ಮ ಹೆಂಡತಿಗೆ ನನ್ನ ವಂದನೆ.

ಗ್ರೂಬರ್ ಅವರ ವಿಷಯ ನೀವು ಮಾರ್ಚ್‌ನಲ್ಲೇ ಹೇಳಿದ್ದರೆ ನಾನು ಒಪ್ಪುತ್ತಿರಲಿಲ್ಲ. ಅದು ನಿಮಗೆ ಗೊತ್ತಿತ್ತು, ಅದಕ್ಕೇ ಹೇಳಲಿಲ್ಲ. ಈಗಲಾದರೂ ಹೇಳಿದ್ದಕ್ಕೆ ಒಂದಿಷ್ಟು ನಂಬಿಕೆ ಉಳಿಸಿಕೊಂಡಿದ್ದೇನೆ.

ಕೇಳುವುದನ್ನು ಬಿಡಬೇಡಿ.

ಐಲಿ ಕಂಗಾಸ್


ಹಾರ್ಲನ್ ಬೆಂಡ್
ಜುಲೈ 21, 1954

ಮಿಸ್ ಕಂಗಾಸ್,

ತಂತಿ ತಲುಪಿರಬೇಕು. ತಂತಿಯಲ್ಲಿ ಹತ್ತು ಪದವಷ್ಟೇ ಹಿಡಿಯುತ್ತದೆ. ಉಳಿದದ್ದು ಇಲ್ಲಿದೆ.

ಭಾನುವಾರ ಮಧ್ಯಾಹ್ನ. ಬಿಸಿಲೆಂದರೆ ತಗಡು ಕಾಯಿಸಿ ತಲೆಗೆ ಕಟ್ಟಿದ ಹಾಗೆ. ಊರಿಗೆ ಊರೇ ಬಂದು ಬೆಂಚುಗಳ ಮೇಲೆ ಕೂತಿದೆ. ರೇಯ್ನೋ ದಿಬ್ಬ ಹತ್ತಿದ. ಆಲ್ಡನ್‌ನವರು ಮೂವರು ಬಂದರು, ಮೂವರು ಹೋದರು. ಮತ್ತೆ ಮೂವರು, ಅವರೂ ಹೋದರು. ಅವನ ಕೈಯಿಂದ ಹೊರಟ ಚೆಂಡನ್ನು ನೋಡಿ ಅವರ ಬ್ಯಾಟುಗಳು ಗಾಳಿಗೆ ಬೀಸಣಿಗೆ ಹಾಕಿದವು. ಒಬ್ಬನಿಗಾದರೂ ಒಂದು ಹೊಡೆತ ಸಿಗಬೇಡವೇ? ಇಲ್ಲ. ನಾಲ್ಕನೇ ಸುತ್ತು, ಐದನೇ ಸುತ್ತು, ಆರನೇ ಸುತ್ತು. ಒಂದೇ ಒಂದು ಹೊಡೆತವಿಲ್ಲ.

ಹೌದು, ಆರಕ್ಕೆ ಇಳಿಸಬೇಕಿತ್ತು. ಇಳಿಸಲಿಲ್ಲ. ಏಳು, ಎಂಟು, ಒಂಬತ್ತು. ಕೊನೆಯ ಬ್ಯಾಟುಗಾರನಿಗೆ ಕೊನೆಯ ಎಸೆತ. ಅರವತ್ತು ಅಡಿ ದೂರದಲ್ಲಿ ಎಸೆತ ಹಿಡಿಯಲು ಕೂತ ನಮ್ಮ ಕ್ಯಾಚರ್ ಗ್ಯಾರಿಟಿಗೂ ಕೇಳಿಸಿತಂತೆ, ಒಣಕಡ್ಡಿ ಮುರಿದಂಥ ಸದ್ದು. ಚೆಂಡು ಗಾಳಿಪಟದ ಹಾಗೆ ತೇಲಿಕೊಂಡು ಬಂತು. ಅಷ್ಟು ನಿಧಾನದ ಚೆಂಡಿಗೆ ಕಾಯಲಾರದೆ ಬ್ಯಾಟುಗಾರ ಮುಂಚೆಯೇ ಬೀಸಿ ಔಟಾದ. ಆಟ ಮುಗಿಯಿತು. ಜನ ಕುಣಿದರು. ರೇಯ್ನೋ ಬಲಗೈಯನ್ನು ಎಡಗೈಯಲ್ಲಿ ಎತ್ತಿ ಹಿಡಿದುಕೊಂಡು, ಮಗುವನ್ನು ಹೊತ್ತು ತರುವವನ ಹಾಗೆ, ನಡೆದು ಬಂದ.

ಕೊನೆಯ ಎಸೆತದವರೆಗೆ ಕೈ ಚೆನ್ನಾಗಿತ್ತು. ಯಾವ ಸೂಚನೆಯೂ ಇರಲಿಲ್ಲ. ಇದ್ದಿದ್ದರೆ ನಾನು ಬಿಡುತ್ತಿದ್ದೆನೇ?

ಶುಕ್ರವಾರದ ರೈಲಿಗೆ ಅವನನ್ನು ಹತ್ತಿಸುತ್ತೇನೆ. ಡಾರ್ಲೀನ್ ಜೊತೆಗೆ ಬರುತ್ತಾಳೆ.

ಕ್ಲೀಟಸ್ ಮರ್ಡಾಕ್


ಸೊಯಿನಿ
ಆಗಸ್ಟ್ 6, 1954

ಶ್ರೀ ಮರ್ಡಾಕ್ ಅವರಿಗೆ,

ಕೈ ಕುಯ್ದು ನೋಡಿದರು. ಮೊಣಕೈ ಮೂಳೆಯ ತುದಿ ಬಿರಿದಿದೆ, ನರ ಅದರಲ್ಲಿ ಸಿಕ್ಕಿಕೊಂಡಿತ್ತು. ಉಂಗುರದ ಬೆರಳಿಗೂ ಕಿರುಬೆರಳಿಗೂ ಸ್ಪರ್ಶವಿಲ್ಲ. ಕೈ ಅರ್ಧ ಮಡಚಿದ ಕೋನದಲ್ಲೇ ನಿಂತಿದೆ, ಇನ್ನು ಹಾಗೆಯೇ ಇರುತ್ತದೆ.

ನಿಮ್ಮ ಹೆಂಡತಿ ಒಳ್ಳೆಯವರು. ದಾರಿಯುದ್ದಕ್ಕೂ ಅವನಿಗೆ ಮಾಂಸ ಕತ್ತರಿಸಿ ಕೊಟ್ಟರಂತೆ.

ರೇಯ್ನೋ ಆ ಆಟದ ಬಗ್ಗೆ ಮಾತಾಡುವುದಿಲ್ಲ. ನಿಮ್ಮ ಮೇಲೆ ದೂರೂ ಹೇಳುವುದಿಲ್ಲ. ನನಗೆ ನಿಮ್ಮಿಂದ ಬೇಕಾಗಿರುವುದು ಒಂದೇ ಉತ್ತರ, ಅಲಂಕಾರವಿಲ್ಲದೆ. ಅವನು ಎಡಗೈಯಲ್ಲಿ ಟೋಪಿ ಸರಿಪಡಿಸಿಕೊಂಡನೋ ಇಲ್ಲವೋ?

ಐಲಿ ಕಂಗಾಸ್


ಹಾರ್ಲನ್ ಬೆಂಡ್
ಆಗಸ್ಟ್ 13, 1954

ಮಿಸ್ ಕಂಗಾಸ್,

ಸರಿಪಡಿಸಿಕೊಂಡ. ಐದನೇ ಸುತ್ತಿನಲ್ಲಿ ಒಂದು ಸಲ. ಆರನೆಯದರಲ್ಲಿ ಎರಡು ಸಲ. ಆಮೇಲೆ ನಾನು ಅವನ ಟೋಪಿಯನ್ನು ನೋಡುವುದನ್ನೇ ಬಿಟ್ಟೆ, ಕಾಲು ನೋಡಿಕೊಂಡು ಕೂತೆ.

ಈ ಒಂದು ಸಾಲನ್ನು ಬರೆಯಲು ಮೂರು ದಿನ ಹಿಡಿಯಿತು. ಮೈದಾನ ಸುತ್ತುತ್ತಿದ್ದೆ, ಮೇಜಿಗೆ ಬರುತ್ತಿದ್ದೆ, ಮತ್ತೆ ಎದ್ದು ಹೋಗುತ್ತಿದ್ದೆ.

ಇನ್ನು ಕಾರಣ. ನಿಮಗೆ ಇದು ಹುಚ್ಚೆನಿಸುತ್ತದೆ. ನಮ್ಮಲ್ಲಿ ಒಂದು ಕಟ್ಟಳೆ ಇದೆ, ಯಾರೂ ಬರೆದಿಟ್ಟದ್ದಲ್ಲ. ಎಸೆತಗಾರನೊಬ್ಬ ಎದುರಾಳಿಗೆ ಒಂದೂ ಹೊಡೆತ ಬಿಡದೆ ಆಟ ಸಾಗಿಸುತ್ತಿದ್ದರೆ ಅವನನ್ನು ಯಾರೂ ಮಾತಾಡಿಸುವಂತಿಲ್ಲ. ಅವನ ಪಕ್ಕ ಕೂರುವಂತಿಲ್ಲ. ಆಗುತ್ತಿರುವುದನ್ನು ಹೆಸರಿಟ್ಟು ಕರೆಯುವಂತಿಲ್ಲ. ಬಾಯಿಬಿಟ್ಟರೆ ಮುರಿಯುತ್ತದೆ. ನಾಲ್ಕನೇ ಸುತ್ತು ಮುಗಿದಾಗ ಅವನು ಬಂದು ಬೆಂಚಿನ ತುದಿಯಲ್ಲಿ ಕೂತ. ಎಲ್ಲರೂ ಈ ತುದಿಗೆ ಸರಿದುಕೊಂಡರು. ನಾನೂ ಸರಿದೆ. ಅಲ್ಲಿಂದಾಚೆ ನಾನು ಕೇಳಲಿಲ್ಲ.

ಆರು ಮುಗಿದಾಗ ಎದ್ದೆ, ಇದು ನಿಜ. ಅವನಿಂದ ಮೂರು ಅಡಿ ದೂರದಲ್ಲಿ ನೀರಿನ ಬಕೆಟ್ ಇತ್ತು. ಅಲ್ಲಿಯವರೆಗೆ ಹೋದೆ. ಗ್ಯಾರಿಟಿ ಹಿಂದಿನಿಂದ ಬಂದು ನನ್ನ ಕಿವಿಯಲ್ಲಿ, "ಸ್ಕಿಪ್, ಬಾಯಿ ಬಿಟ್ರೆ ಬ್ಯಾಟಲ್ಲೇ ಬಾರಿಸ್ತೀನಿ," ಎಂದ. ರೇಯ್ನೋ ತಲೆಯೆತ್ತಿ ನನ್ನನ್ನು ನೋಡಿದ. ಕೇಳಲಿ ಎಂದು ನೋಡಿದನೋ, ಕೇಳದಿರಲಿ ಎಂದು ನೋಡಿದನೋ, ಇಂದಿಗೂ ತಿಳಿಯದು. ನಾನು ನೀರು ಕುಡಿದು ವಾಪಸು ಬಂದೆ.

ಗ್ಯಾರಿಟಿಯ ಮೇಲೆ ಹಾಕುತ್ತಿಲ್ಲ. ನನ್ನನ್ನು ತಡೆದದ್ದು ಅವನ ಬ್ಯಾಟಲ್ಲ. ಇಪ್ಪತ್ತೇಳು ವರ್ಷ ಈ ಆಟದಲ್ಲಿದ್ದೇನೆ, ಅಂಥ ಆಟವನ್ನು ಒಂದು ಸಲವೂ ನೋಡಿರಲಿಲ್ಲ. ನೋಡಬೇಕಿತ್ತು.

ಕ್ಲೀಟಸ್ ಮರ್ಡಾಕ್


ಸೊಯಿನಿ
ಅಕ್ಟೋಬರ್ 3, 1954

ಶ್ರೀ ಮರ್ಡಾಕ್ ಅವರಿಗೆ,

ನಿಮ್ಮ ಕಾಗದಕ್ಕೆ ಏಳು ವಾರ ಉತ್ತರ ಬರೆಯಲಿಲ್ಲ. ಸಿಟ್ಟಿನಿಂದ ಎಂದು ನೀವು ತಿಳಿದಿರಬಹುದು. ಸಿಟ್ಟು ಬರಲಿ ಎಂದು ಕಾಯುತ್ತಿದ್ದೆ.

ನೀವು ನನಗೆ ಆಟ ಕಲಿಸಿದಿರಿ. ಒಂಬತ್ತು ಸುತ್ತು, ಮೂವರು ಔಟ್, ನಾಯಕ, ಹಿಮ್ಮೇಳ. ಯುದ್ಧದ ಕಾಲದಲ್ಲಿ ಗಂಡಸರು ದೂರವಿದ್ದಾಗ ಹೆಂಗಸರ ತಂಡಗಳು ಆಡುತ್ತಿದ್ದವಲ್ಲ, ನಾನು ವಿಸ್ಕಾನ್ಸಿನ್‌ನಲ್ಲಿ ಎರಡು ವರ್ಷ ಕ್ಯಾಚರ್ ಆಗಿದ್ದೆ. ನನ್ನ ಬಲಗೈಯ ಮೂರು ಬೆರಳು ಒಂದೊಂದು ದಿಕ್ಕಿಗೆ ನೋಡುತ್ತವೆ. ರೇಯ್ನೋಗೆ ತಿರುವಿನ ಎಸೆತ ಕಲಿಸಿದವಳು ನಾನು, ನಮ್ಮ ಸೌನಾದ ಗೋಡೆಗೆ ಬೆನ್ನು ಕೊಟ್ಟು ಕೂತು, ಅವನಿಗೆ ಹದಿಮೂರು ವರ್ಷವಿದ್ದಾಗ. ನೀವು ಕೇಳಲಿಲ್ಲ, ನಾನು ಹೇಳಲಿಲ್ಲ. ಆಟ ಗೊತ್ತಿಲ್ಲದವಳ ಷರತ್ತಿಗೆ ಗಂಡಸರು ಬೇಗ ಒಪ್ಪುತ್ತಾರೆ ಎಂದುಕೊಂಡಿದ್ದೆ.

ಜುಲೈನಲ್ಲಿ ರಜೆ ಸಿಗುವುದಿಲ್ಲ ಎಂದು ಬರೆದಿದ್ದೆ. ಸಿಕ್ಕಿತು. ನಿಮ್ಮನ್ನು ನಂಬದೆ, ನೀವು ಕೇಳುತ್ತೀರೋ ಇಲ್ಲವೋ ಎಂದು ಕಣ್ಣಾರೆ ನೋಡಲು, ಯಾರಿಗೂ ಹೇಳದೆ ಬಸ್ಸು ಹತ್ತಿ ಬಂದೆ. ಹದಿನೆಂಟನೇ ತಾರೀಖು ನಿಮ್ಮ ಬೆಂಚಿನ ಎದುರಿನ ಕಟ್ಟೆಯಲ್ಲಿ ಮೂರನೇ ಸಾಲಿನಲ್ಲಿ ಕೂತಿದ್ದೆ.

ಮೊದಲ ಮೂರು ಸುತ್ತು ನೀವು ಕೇಳಿದಿರಿ. ನೋಡಿದೆ. ಆಮೇಲೆ ಬೆಂಚು ಖಾಲಿಯಾಯಿತು, ಅವನೊಬ್ಬನೇ ತುದಿಯಲ್ಲಿ ಉಳಿದ. ಏನಾಗುತ್ತಿದೆ ಎಂದು ನನಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಐದರಲ್ಲಿ ಎಡಗೈ ಟೋಪಿಗೆ ಹೋದದ್ದನ್ನು ನಿಮಗಿಂತ ಮೊದಲು ಕಂಡವಳು ನಾನು. ನನಗೂ ಆ ಬೆಂಚಿಗೂ ನಡುವೆ ಇದ್ದದ್ದು ಸೊಂಟದೆತ್ತರದ ಒಂದು ಬೇಲಿ. ಎದ್ದು ಹೋಗಿ, ಅಕ್ಕ ನಾನು, ಇಳಿ ಎಂದರೆ ಮುಗಿದಿತ್ತು. ಪಕ್ಕದಲ್ಲಿ ಕೂತಿದ್ದ ಹೆಂಗಸು, "ಯಾಕಮ್ಮಾ, ಮೈ ಸರಿಯಿಲ್ವಾ? ನೀರು ಬೇಕಾ?" ಎಂದಳು. ನಾನು ತಲೆಯಲ್ಲಾಡಿಸಿದೆ. ಬಾಯಿಬಿಡಲಿಲ್ಲ. ಐದನೇ ಸುತ್ತಿನಲ್ಲಿ ಕಾಲಿನ ಮೇಲೆ ಕಾಲು ಹಾಕಿಕೊಂಡವಳು ಒಂಬತ್ತು ಮುಗಿಯುವವರೆಗೆ ತೆಗೆಯಲಿಲ್ಲ. ತೆಗೆದರೆ ಕೆಡುತ್ತದೆ ಎಂದು. ಎರಡು ಸಲ ಆ ಕೈಯನ್ನು ತಿಕ್ಕಿ ಬದುಕಿಸಿದ ದಾದಿ, ಕಾಲು ಮರಗಟ್ಟಿದರೂ ಅಲುಗದೆ ಕೂತಿದ್ದೆ.

ಆ ಸದ್ದು ನನಗೂ ಕೇಳಿಸಿತು. ನಾನು ಎದ್ದು ನಿಂತೆ. ಎಲ್ಲರ ಜೊತೆ ಚಪ್ಪಾಳೆ ತಟ್ಟಿದೆ, ಶ್ರೀ ಮರ್ಡಾಕ್. ಕೈ ತಾನಾಗಿ ತಟ್ಟಿತು. ಆಮೇಲೆ ಅವನ ಮುಖ ನೋಡಲಾಗದೆ ಸಂಜೆಯ ಬಸ್ಸಿಗೆ ಹೊರಟೆ, ನಿಮ್ಮ ತಂತಿ ತಲುಪುವ ಹೊತ್ತಿಗೆ ಮನೆಯಲ್ಲಿರಲು.

ಆಗಸ್ಟ್‌ನಲ್ಲಿ ಟೋಪಿಯ ಪ್ರಶ್ನೆ ಕೇಳಿದಾಗ ಉತ್ತರ ನನಗೆ ಗೊತ್ತಿತ್ತು. ನೀವು ಮತ್ತೆ ಸುಳ್ಳು ಬರೆಯಲಿ, ಆಗ ನಿಮ್ಮನ್ನು ಒಬ್ಬರನ್ನೇ ದ್ವೇಷಿಸಬಹುದು ಎಂದಿದ್ದೆ. ನೀವು ನಿಜ ಬರೆದುಬಿಟ್ಟಿರಿ.

ರೇಯ್ನೋಗೆ ಇದು ಗೊತ್ತಿಲ್ಲ.

ಐಲಿ


ಹಾರ್ಲನ್ ಬೆಂಡ್
ಅಕ್ಟೋಬರ್ 12, 1954

ಐಲಿ,

ನಿಮ್ಮ ಕಾಗದವನ್ನು ಡಾರ್ಲೀನ್‌ಗೆ ಓದಿ ಹೇಳಬೇಕೆಂದು ಹೊರಟೆ, ಅರ್ಧಕ್ಕೆ ಅವಳ ಕೈಗೆ ಕೊಟ್ಟೆ. ಉಳಿದದ್ದನ್ನು ಅವಳೇ ಓದಿಕೊಂಡಳು.

ಗ್ರೂಬರ್ ಆ ಆಟದ ಚೆಂಡನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾರ್ಖಾನೆಯ ಬಾಗಿಲಲ್ಲಿ ತೂಗುಹಾಕಿದ್ದಾನೆ. ಆ ಬೀದಿಯಲ್ಲಿ ನಾನು ಹೋಗುವುದಿಲ್ಲ. ಮುಂದಿನ ವರ್ಷಕ್ಕೆ ಮತ್ತೆ ಕರಾರು ಕೊಡುತ್ತೇನೆ ಎಂದ. ಬೇಡವೆಂದೆ.

ಅವನಿಗೆ ಹೇಳಿ. ನೀವು ಹೇಳದಿದ್ದರೆ ಅದು ನಿಮ್ಮನ್ನು ಕೂರಲು ಬಿಡುವುದಿಲ್ಲ, ನನಗೆ ಗೊತ್ತು. ಹೇಳಿದ ಮೇಲೆ ನನ್ನ ಪರವಾಗಿ ಒಂದು ಮಾತು ಕೇಳಿ. ಆ ದಿನ ನೀರಿನ ಬಕೆಟ್ ಹತ್ತಿರ ನಾನು ಬಾಯಿಬಿಟ್ಟು ಕೇಳಿದ್ದರೆ ಅವನು ಏನು ಹೇಳುತ್ತಿದ್ದ? ಅಷ್ಟು ಗೊತ್ತಾದರೆ ಸಾಕು.

ಕ್ಲೀಟಸ್


ಸೊಯಿನಿ
ಅಕ್ಟೋಬರ್ 24, 1954

ಕ್ಲೀಟಸ್,

ಹೇಳಿದೆ. ಇಂದು ಬೆಳಿಗ್ಗೆ, ಚರ್ಚಿನಿಂದ ಬಂದ ಮೇಲೆ, ಅಡುಗೆಮನೆಯಲ್ಲಿ. ಅವನು ಪುಲ್ಲಾ ಬ್ರೆಡ್ಡನ್ನು ಕಾಫಿಯಲ್ಲಿ ಅದ್ದಿ ತಿನ್ನುತ್ತಿದ್ದ. ಪೂರ್ತಿ ಕೇಳಿದ, ಪೂರ್ತಿ ತಿಂದ.

"ಮೂರನೇ ಸಾಲಾ?" ಎಂದ.

"ಹೂಂ."

"ಅಷ್ಟು ದೂರ ಬಂದು ಊಟನೂ ಮಾಡದೆ ಹೋದ್ಯಾ?"

ಬೈದಿದ್ದರೆ ಚೆನ್ನಾಗಿತ್ತು. ನಾನು ಅತ್ತೆ. ಅವನು ತಟ್ಟೆ ಎತ್ತಿಟ್ಟು, ಒದ್ದೆ ಬಟ್ಟೆಯಿಂದ ಮೇಜು ಒರೆಸಿದ, ಎಡಗೈಯಲ್ಲಿ, ಒಂದೇ ಕಡೆ ಮತ್ತೆ ಮತ್ತೆ. ಆಮೇಲೆ ನಿಮ್ಮ ಪ್ರಶ್ನೆ ಕೇಳಿದೆ.

ಯೋಚಿಸಲೂ ಇಲ್ಲ. "ಅವರಿಗೆ ಬರೆದುಬಿಡು. ಅವರು ಕೇಳಿದ್ರೂ ಚೆನ್ನಾಗಿದೆ ಅಂತಿದ್ದೆ. ನೀನು ಬಂದು ಕೇಳಿದ್ರೂ ಅದೇ ಅಂತಿದ್ದೆ. ನಿಮ್ಮಿಬ್ರದೂ ಏನೂ ಇಲ್ಲ."

ಎದೆಯ ಮೇಲಿಂದ ಕಲ್ಲು ಇಳಿದ ಹಾಗಾಯಿತು. ಪೆನ್ನು ಹುಡುಕಿ ಈ ಕಾಗದಕ್ಕೆ ಕೂತೆ, ತಾರೀಖನ್ನೂ ಬರೆದೆ. ಅವನು ಕಿಟಕಿಯ ಹತ್ತಿರ ನಿಂತಿದ್ದ. ನಾಳೆಯಿಂದ ಅವನಿಗೆ ಗಣಿಯ ಹೊರಗೆ ಅದಿರಿನ ಬಂಡಿಗಳ ನಂಬರು ಬರೆದುಕೊಳ್ಳುವ ಕೆಲಸ. ಎಡಗೈಯಲ್ಲಿ ಅಂಕಿ ತಿದ್ದುತ್ತಿದ್ದಾನೆ. ಅವನ ಬೆನ್ನು ನೋಡುತ್ತಾ ನನಗೆ ಸಮಾಧಾನವಾಗಿತ್ತು, ತುಂಬಾ ಸಮಾಧಾನ. ಹೀಗೇ ಬರೆದು ಅಂಚೆಗೆ ಹಾಕಿದರೆ ನಿಮಗೂ ಆಗುತ್ತಿತ್ತು.

ಆದರೆ ಕೇಳಿದೆ. "ರೇಯ್ನೋ, ಇಲ್ಲಿ ನೋಡು. ನೀನು ಈಗ ಹೇಳಿದ್ದು ನಿಜವಾ?"

ಎಡಗೈ ಬೆರಳಿನಿಂದ ಕಿಟಕಿ ಗಾಜಿನ ಮೇಲೆ ಒಂದು ಅಂಕಿ ತಿದ್ದಿದ.

"ಅಲ್ಲ," ಎಂದ. "ಕೇಳಿದ್ರೆ ಹೇಳ್ತಿದ್ದೆ. ಬೆರಳು ಸತ್ತಿವೆ ಅಂತ ಹೇಳಿ ಇಳೀತಿದ್ದೆ. ಯಾರಾದ್ರೂ ಕೇಳ್ತಾರೆ ಅಂತ ಕಾಯ್ತಿದ್ದೆ. ಏಳರಲ್ಲಿ ಕಾದೆ, ಎಂಟರಲ್ಲೂ ಕಾದೆ. ಇದನ್ನ ಬರೀಬೇಡ. ಮೊದ್ಲು ಹೇಳಿದ್ದನ್ನೇ ಬರಿ."

ಎರಡನ್ನೂ ಬರೆದಿದ್ದೇನೆ.

ಐಲಿ